ಕೆಳಗಿನ ಕಣ್ಣು

ನಾನು ಎರಡು ಕಣ್ಣಿನ ಒಂದು ಕ್ಯಾಮೆರಾ. ಮೇಲಿನ ಕಣ್ಣು ಬರೀ ನೋಡುತ್ತದೆ. ಕೆಳಗಿನದು ಗುಂಡಿ ಒತ್ತಿದಾಗ ಮಾತ್ರ ತೆರೆದು, ಕಂಡದ್ದನ್ನು ಫಿಲ್ಮಿನ ಮೇಲೆ ಹಿಡಿಯುತ್ತದೆ. ಹುಟ್ಟಿದ್ದು ಯಾವುದೋ ದೂರದೇಶದ ಕಾರ್ಖಾನೆಯಲ್ಲಿ. ಅದನ್ನು ಹೇಳಿಕೊಂಡು ಮೆರೆಯುವ ವಯಸ್ಸು ಇದಲ್ಲ. ಮುಂಬಯಿಯ ಹಳೇ ಸಾಮಾನಿನ ಅಂಗಡಿಯಿಂದ ನನ್ನನ್ನು ಗದಗಿಗೆ ತಂದವನು ಚನ್ನಮಲ್ಲಪ್ಪ. ಮದುವೆ ಫೋಟೋ ತೆಗೆಯುವುದು ಅವನ ಹೊಟ್ಟೆಪಾಡು.

ಆ ಕಸುಬಿನಲ್ಲಿ ಒಂದು ಚಾಲಾಕಿ ಇತ್ತು. ಫಿಲ್ಮು ತುಟ್ಟಿ. ದೂರದ ಬಳಗದವರು "ನಮ್ಮದೂ ಒಂದು ಹೊಡೀರಿ" ಎಂದು ಮುತ್ತಿಕೊಂಡರೆ ಅವನು ನನ್ನ ಗುಂಡಿ ಮುಟ್ಟದೆ ಬರೀ ಫ್ಲ್ಯಾಶ್ ಬೆಳಗಿಸುತ್ತಿದ್ದ. ಫಳ್ ಎಂದರೆ ಸಾಕು, ಅವರು ಖುಷಿಯಿಂದ ಊಟದ ಪಂಕ್ತಿಗೆ ನಡೆಯುತ್ತಿದ್ದರು. ಫೋಟೋದವರೆಲ್ಲ ಇದನ್ನು ಖಾಲಿ ಫ್ಲ್ಯಾಶ್ ಎನ್ನುತ್ತಿದ್ದರು.

ಹೀಗೆ ಉಳಿಸಿದ ಫಿಲ್ಮನ್ನೆಲ್ಲ ಚನ್ನಮಲ್ಲಪ್ಪ ಬೀದಿಗೆ ಸುರಿದ. ನನ್ನನ್ನು ಹೊಟ್ಟೆಗೆ ಆನಿಸಿಕೊಂಡು, ತಲೆ ತಗ್ಗಿಸಿ, ಟಾಂಗಾದಲ್ಲಿ ನಿದ್ದೆಹೋದವನನ್ನು, ನೂಲಿನ ಗಂಟು ಹೊತ್ತ ಬೆಟಗೇರಿಯ ನೇಕಾರನನ್ನು, ತೂಕಕ್ಕೆ ಜಗಳ ತೆಗೆದ ಬದನೆಕಾಯಿಯವಳನ್ನು ಹೇಳದೆ ಕೇಳದೆ ಹಿಡಿದ. ಯಾರಿಗೂ ತೋರಿಸಲಿಲ್ಲ. ಯಾರೊಡನೆಯೂ ಮಾತಿಲ್ಲ, ಕತೆಯಿಲ್ಲ. ಇದ್ದದ್ದು ಅಕ್ಕ ಗುರುಬಸವ್ವನ ಮನೆಯ ಹಿಂದಿನ ಕೋಣೆಯಲ್ಲಿ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಆಕೆಯೇ. ಗಂಡನನ್ನು ಕಳೆದುಕೊಂಡು, ರೊಟ್ಟಿ ಬಡಿದು ಮಾರಿ, ದಿನಕ್ಕೆರಡು ಹೊತ್ತು ಅವನ ಬಾಗಿಲಿಗೆ ತಾಟು ಇಡುತ್ತಿದ್ದಳು.

ಅಷ್ಟಕ್ಕೆ ಪ್ರತಿಯಾಗಿ ಆಕೆ ಕೇಳಿದ್ದು ಒಂದೇ. ದೀಪಾವಳಿ ಪಾಡ್ಯದ ದಿನ ಇಳಕಲ್ಲ ಸೀರೆ ಉಟ್ಟು ಗೋಡೆಗೆ ನಿಲ್ಲುತ್ತಿದ್ದಳು.

"ತಮ್ಮಾ, ನಂದೊಂದು ತಗಿಯಪಾ."

ಫಳ್. ವಾರ ಬಿಟ್ಟು ಅವನು ಹೇಳುತ್ತಿದ್ದ: "ಬಂದಿಲ್ಲಕ್ಕಾ. ನಿನ್ನ ಮುಖ ಫಿಲ್ಮಿನ್ಯಾಗ ಕೂಡಂಗಿಲ್ಲ."

ಇಪ್ಪತ್ತೆರಡು ಹಬ್ಬ ಹೀಗೇ ಹೋದವು. ನನ್ನ ಕೆಳಗಿನ ಕಣ್ಣನ್ನು ಅವನು ಆಕೆಯ ಮುಂದೆ ಒಮ್ಮೆಯೂ ತೆರೆಯಲಿಲ್ಲ. ಗಂಡನನ್ನು ತಿಂದ ಮುಖ ಎಂದು ಅತ್ತೆ ಬೈದದ್ದು ನಿಜವೇ ಇರಬೇಕು ಎಂದು ಗುರುಬಸವ್ವ ನಂಬಿಬಿಟ್ಟಳು. ಅವನ ಮೇಲೆ ನನಗೆ ಹೇಸಿಗೆ ಹುಟ್ಟಿದ್ದು ಆಗಲೇ.

ಗುರುಬಸವ್ವನ ಮಗಳು ಕಸ್ತೂರಿಯ ಮದುವೆಗೂ ಅವನೇ ಫೋಟೋದವನು. "ಅವ್ವಾ, ನನ್ನ ಬಾಜೂಕ ಬಾ" ಎಂದು ಹುಡುಗಿ ಕರೆದಳು.

"ಬ್ಯಾಡವಾ. ನಾ ನಿಂತ್ರ ನಿಮ್ದೂ ಕೆಟ್ಟೀತು" ಎಂದು ಗುರುಬಸವ್ವ ಅಡುಗೆಮನೆಯ ಬಾಗಿಲ ಹಿಂದೆ ಸರಿದಳು.

ಅವನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ, ಗುಂಡಿ ಒತ್ತಿದ. ಮರುವರ್ಷ ಕಸ್ತೂರಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ಗೋಡೆಯ ಮೇಲೆ ಉಳಿದದ್ದು ಆ ಒಂದು ಫೋಟೋ. ಅದರಲ್ಲಿ ಹುಡುಗಿಯ ಅತ್ತೆ, ಮಾವ, ನಾದಿನಿ ಎಲ್ಲರೂ ಇದ್ದಾರೆ.

ಚನ್ನಮಲ್ಲಪ್ಪನೂ ಸತ್ತ. ಅವನ ನೆಗೆಟಿವ್‌ಗಳ, ಟಿಪ್ಪಣಿಗಳ ಟ್ರಂಕು ಕೈಯಿಂದ ಕೈಗೆ ದಾಟಿ ಬೆಂಗಳೂರಿನ ಒಬ್ಬ ಲೇಖಕನನ್ನು ಸೇರಿತು. ಬೀದಿಯ ಮಹಾ ಛಾಯಾಗ್ರಾಹಕ ಸಿಕ್ಕಿದ ಎಂದು ದೊಡ್ಡ ಸುದ್ದಿಯಾಯಿತು. ಲೇಖಕ ಅರ್ಧ ತಾಸು ಬಂದು, ಅಂಗಳ ಗುಡಿಸುತ್ತಿದ್ದ ಗುರುಬಸವ್ವನಿಂದ ನೀರು ಇಸಿದುಕೊಂಡು ಕುಡಿದು, ಕೋಣೆ ನೋಡಿ ಹೋದ. ನನ್ನನ್ನು ಮಾತ್ರ ಆಕೆ ತಮ್ಮನ ಗುರುತೆಂದು ಕಪಾಟಿನಲ್ಲಿ ಬಚ್ಚಿಟ್ಟಿದ್ದಳು.

ವರ್ಷದ ಮೇಲೆ ಆ ಲೇಖಕ ಬರೆದ ಚನ್ನಮಲ್ಲಪ್ಪನ ಜೀವನಚರಿತ್ರೆ ಅಂಚೆಯಲ್ಲಿ ಬಂತು. ಗುರುಬಸವ್ವನಿಗೆ ಓದು ಬಾರದು. ಬಾಡಿಗೆಗಿದ್ದ ಮೆಹರುನ್ನಿಸಾ ಟೀಚರು ದಿನಾ ಸಂಜೆ ಓದಿ ಹೇಳತೊಡಗಿದರು. ಪುಟ ತಿರುವಿದಾಗೆಲ್ಲ ಮುದುಕಿ "ನಾ ಎಲ್ಲೆರ ಅದೀನೇನು ನೋಡವಾ" ಎನ್ನುವಳು.

ಐದನೆಯ ಸಂಜೆ ಆಕೆ ಸಿಕ್ಕಳು. ಟೀಚರು ಓದುವ ಭರದಲ್ಲಿ ಓದಿಬಿಟ್ಟರು: 'ಕೇಳಿ ತೆಗೆಸಿಕೊಂಡ ಫೋಟೋ ಸತ್ತ ಫೋಟೋ ಎಂಬುದು ಅವರ ನಂಬಿಕೆ. ಅವರ ಟಿಪ್ಪಣಿಯಲ್ಲಿ ಹೀಗಿದೆ: "ಮನೆಯಲ್ಲಿ ಒಬ್ಬಳು ಪ್ರತಿ ಪಾಡ್ಯಕ್ಕೂ ಪೀಡಿಸುತ್ತಾಳೆ. ಖಾಲಿ ಫ್ಲ್ಯಾಶ್ ಹೊಡೆದು, ನಿನ್ನ ಮುಖ ಫಿಲ್ಮಿನಲ್ಲಿ ಕೂರುವುದಿಲ್ಲ ಎನ್ನುತ್ತೇನೆ. ನಂಬುತ್ತಾಳೆ." ಈಕೆ ಮನೆಗೆಲಸದವಳಿರಬೇಕು. ಕಲೆಯ ವಿಷಯದಲ್ಲಿ ಚನ್ನಮಲ್ಲಪ್ಪನವರು ಅಷ್ಟು ನಿಷ್ಠುರರು.'

"ಇನ್ನೊಮ್ಮೆ ಓದವಾ" ಎಂದಳು ಗುರುಬಸವ್ವ.

ಟೀಚರು ತಡವರಿಸುತ್ತ ಓದಿದರು.

"ಹಂಗಾದ್ರ ತಪ್ಪು ಮುಖದ್ದಲ್ಲ?"

"ಅಲ್ಲ ಆಯಿ."

"ಮಗಳ ಬಾಜೂಕ ನಿಂದರಬಹುದಿತ್ತು."

ಟೀಚರು ಕಣ್ಣೊರೆಸಿಕೊಂಡು ಮೊಬೈಲು ತೆಗೆದರು. "ಈಗ ತಗೀಲೇನು ಆಯಿ?"

"ಈಗ ಯಾರ ಬಾಜೂಕ ನಿಂದರ್ಲಿ?"

ಮರುದಿನ ಗುಜರಿಯವನು ಓಣಿಗೆ ಬಂದಾಗ ಆಕೆ ನನ್ನನ್ನು ಅವನ ಗಾಡಿಗೆ ಹಾಕಿದಳು. "ಇದು ನಡೀತೈತೇನಬೇ?" ಎಂದು ಅವನು ತಿರುಗಿಸಿ ನೋಡಿದ.

"ಊರಿಗೆಲ್ಲಾ ನಡೀತು. ನನಗಷ್ಟ ನಡೀಲಿಲ್ಲ."

ಈಗ ಮುರಿದ ಫ್ಯಾನುಗಳ ಕೆಳಗೆ ಬಿದ್ದಿದ್ದೇನೆ. ಗುರುಬಸವ್ವನ ಮುಖ ನನ್ನ ಮೇಲಿನ ಕಣ್ಣಿಗೆ ಇಪ್ಪತ್ತೆರಡು ಸಲ ನಿಚ್ಚಳವಾಗಿ ಬಿದ್ದಿತ್ತು. ಚೆಲುವಾದ ಮುಖ, ಯಾವ ಐಬೂ ಇರಲಿಲ್ಲ. ಅದನ್ನು ಹೇಳಲು ನನಗೆ ಬಾಯಿಲ್ಲ, ತೋರಿಸಲು ಒಂದು ಚಿತ್ರವೂ ಇಲ್ಲ.