ತಗೋ ಭಾವ

ನನ್ನ ತಮ್ಮ ನನ್ನ ಗಂಡನ ಕಾಲು ಮುರಿದ. ಇದನ್ನು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಈಗ ಹೇಳುವಾಗ ಏನೂ ಅನ್ನಿಸುವುದೇ ಇಲ್ಲ. ಪಕ್ಕದ ಮನೆಯವರು, ಹಾಲಿನವನು, ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಗಿರಾಕಿಗಳು, ಎಲ್ಲರಿಗೂ ಅದೇ ಕುತೂಹಲ. "ಏನಮ್ಮಾ, ಆಸ್ತಿ ಜಗಳಾನಾ?" ಎಂದು ಒಬ್ಬರು ಕೇಳಿಯೇಬಿಟ್ಟರು. ಅಲ್ಲ ಕಣ್ರೀ, ಫುಟ್‌ಬಾಲು ಎಂದೆ. ಅವರಿಗೆ ನಿರಾಶೆಯಾಯಿತು.

ಇಬ್ಬರದೂ ಒಂದೇ ಕಸುಬು. ಗಂಡ ಒಂದು ಕ್ಲಬ್ಬಿನಲ್ಲಿ ಗೋಲು ಹೊಡೆಯುವವರು, ತಮ್ಮ ಇನ್ನೊಂದರಲ್ಲಿ ಗೋಲು ಹೊಡೆಯಲು ಬಂದವರನ್ನು ತಡೆಯುವವನು. ಆವತ್ತು ಚೆಂಡು ತಳ್ಳಿಕೊಂಡು ಗೋಲಿನ ಹತ್ತಿರಕ್ಕೆ ನುಗ್ಗಿದ ಗಂಡನ ಕಾಲಿಗೆ ತಮ್ಮ ಹುಲ್ಲಿನ ಮೇಲೆ ಜಾರಿಕೊಂಡು ಬಂದು ಬಡಿದ. ಮಧ್ಯೆ ಯಾರೋ ಅಡ್ಡ ಬಂದಿದ್ದರಿಂದ ರೆಫರಿಗೆ ಕಾಣಲಿಲ್ಲ. ಸೀಟಿಯಿಲ್ಲ, ಕಾರ್ಡಿಲ್ಲ. ಆಟ ಮುಗಿದ ಮೇಲೆ ಲೀಗಿನ ಶಿಸ್ತು ಸಮಿತಿಯವರು ವಿಡಿಯೊ ತರಿಸಿಕೊಂಡು ನೋಡಿದರು. ಗೋಲಿನ ಹಿಂದಿದ್ದ ಮೈಕಿನಲ್ಲಿ ತಮ್ಮನ ದನಿ ಸ್ಪಷ್ಟವಾಗಿ ಸಿಕ್ಕಿತು. "ತಗೋ ಭಾವ!"

ಅಷ್ಟು ಸಾಕಾಯಿತು. ಟೀವಿಯವರು ಅದನ್ನೇ ತಿರುಗಿಸಿ ಮುರುಗಿಸಿ ಹಾಕಿದರು. ಒದೆಯುವಾಗ 'ತಗೋ' ಎಂದರೆ ಏನರ್ಥ ಅಂತ ಯಾರಿಗೆ ಹೇಳಿಕೊಡಬೇಕು!

ನಮ್ಮ ಮನೆಯಲ್ಲಿ ಮಾತ್ರ ಅದಕ್ಕೆ ಬೇರೆ ಅರ್ಥವಿತ್ತು. ಮದುವೆಯಾದ ಹೊಸತರಲ್ಲಿ ತವರಿನ ಹಿತ್ತಲಲ್ಲಿ ಇಬ್ಬರೂ ಆಡುತ್ತಿದ್ದಾಗ ತಮ್ಮ ಹೀಗೇ ಜಾರಿ ಬಂದು ಹೊಸ ಅಳಿಯನನ್ನು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೆಡವಿದ. ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. "ಅಳಿಯಂದ್ರನ್ನ ಒದೀತೀಯೇನೋ ಕತ್ತೆ! ಒದೀಲೇಬೇಕು ಅಂದ್ರೆ ಹೇಳಿ ಒದಿ!" ಅಂದಿನಿಂದ ನನ್ನ ತಮ್ಮ ಹೇಳಿಯೇ ಒದೆಯುತ್ತಿದ್ದ. ಜಾರುವ ಮೊದಲು "ತಗೋ ಭಾವ" ಎಂದು ಕೂಗುವುದು, ಇವರು ಛಂಗನೆ ನೆಗೆಯುವುದು, ಕಾಲಡಿಯಿಂದ ಅವನು ಚೆಂಡನ್ನು ತಳ್ಳಿಕೊಂಡು ಹೋಗುವುದು. ಅಮ್ಮ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ಮ್ಯಾಚಿನ ಹಿಂದಿನ ವಾರವೂ ಆಡಿದ್ದರು.

ವಿಚಾರಣೆಗೆ ಗಂಡನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ನಾನೇ ತಳ್ಳಿಕೊಂಡು ಹೋದೆ. ಎಡಗಾಲಿಗೆ ತೊಡೆಯವರೆಗೆ ಪಟ್ಟಿ. ಹೆಬ್ಬೆರಳು ಮುಟ್ಟಿದರೆ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ನನಗೂ ಹಾಗೇ ಆಗಿತ್ತು, ಬೆರಳೊಂದೇ ಅಲ್ಲ, ಇಡೀ ಮೈ. ಅಳು ಬರುತ್ತಿರಲಿಲ್ಲ. ಯಾರ ಮೇಲೂ ಸಿಟ್ಟು ಬರುತ್ತಿರಲಿಲ್ಲ. ಸಿಟ್ಟಿಲ್ಲದ ನಾನು ಯಾತಕ್ಕೂ ಬಾರದವಳು ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ.

ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೇಜಿನ ಆ ಕಡೆ ಕೂತಿದ್ದ. ಸೀಸನ್ ಮುಗಿಯುವವರೆಗೆ ಅಮಾನತಾದರೆ ಇಟ್ಟುಕೊಳ್ಳುವುದಿಲ್ಲ ಎಂದು ಅವನ ಕ್ಲಬ್ಬಿನವರು ಬಾಯಿಬಿಟ್ಟೇ ಹೇಳಿದ್ದರು. ಅವನ ವಯಸ್ಸಿಗೆ ಇನ್ನೊಂದು ಕ್ಲಬ್ಬು ಎಲ್ಲಿಂದ ಬರಬೇಕು? ಚೆಂಡು ಬಿಟ್ಟರೆ ಅವನಿಗೆ ಬೇರೆ ಕೆಲಸ ಬರುವುದಿಲ್ಲ. ಒಂದು ಮೊಳೆ ಹೊಡೆಯಲು ಹೇಳಿದರೂ ಗೋಡೆ ಬೀಳಿಸುತ್ತಾನೆ.

ಸಮಿತಿಯ ಅಧ್ಯಕ್ಷರು ಹಿಂದೆ ರೆಫರಿಯಾಗಿದ್ದವರು. ಕೋಣೆಯಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು. "'ತಗೋ' ಅಂದಿದ್ದು ನೀವೇ ತಾನೆ?" ಎಂದು ಕೇಳಿದರು.

"ಹೌದು ಸರ್. ಅದು ಎಚ್ಚರಿಕೆ. ಕಾಲೆತ್ತು ಅಂತ."

"ಮನೇಲಿ ಭಾವನ್ನ ಹೋಗು ಬಾ ಅಂತ ಏಕವಚನದಲ್ಲಿ ಮಾತಾಡಿಸ್ತೀರಾ?"

ತಮ್ಮ ಗಾಬರಿಯಾದ. ಅಮ್ಮ ಕಲಿಸಿದ ಮರ್ಯಾದೆ ಅಡ್ಡ ಬಂತು. "ಛೆ ಛೆ, ಇಲ್ಲ ಸರ್! ಬನ್ನಿ ಹೋಗಿ ಅಂತಾನೇ ಅನ್ನೋದು."

"ಮತ್ತೆ ಆವತ್ತು ಯಾಕೆ ಬಹುವಚನ ಬಿಟ್ಟುಹೋಯ್ತು? ಕೋಪ ಬಂದಿತ್ತಾ?"

ಜಾರುತ್ತಿರುವವನು 'ತಗೊಳ್ಳಿ ಭಾವ' ಎನ್ನುವಷ್ಟರಲ್ಲಿ ಚೆಂಡು ಗೋಲಿನೊಳಗಿರುತ್ತದೆ. ಇಷ್ಟು ಹೇಳಿದ್ದರೆ ಮುಗಿದಿತ್ತು. ದಡ್ಡ, ಬಾಯಿ ತೆರೆದುಕೊಂಡು ಕೂತ. ಕೊನೆಗೆ, "ಭಾವನ್ನೇ ಕೇಳಿ ಸರ್. ಅವರಿಗೆ ಗೊತ್ತು" ಎಂದ.

ಎಲ್ಲರೂ ನನ್ನ ಗಂಡನ ಕಡೆ ತಿರುಗಿದರು.

"ಜನರ ಗಲಾಟೆ ಇತ್ತು" ಎಂದರು ಇವರು. "ನನಗೇನೂ ಕೇಳಿಸ್ಲಿಲ್ಲ."

"ಮನೇಲಿ ಹಾಗೆ ಕೂಗೋ ಅಭ್ಯಾಸ ಇದೆಯಾ?"

"ಮನೇಲಿ ಆಡಿ ಯಾವ ಕಾಲ ಆಯ್ತೋ. ನೆನಪಿಲ್ಲ."

ಅಂಗಡಿಯಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುವುದು ನನ್ನ ಕೆಲಸ. ಕಾಣಿಸದಿದ್ದರೂ ಕಾಣಿಸಿತು ಎನ್ನುವವರನ್ನು ದಿನಾ ನೋಡುತ್ತೇನೆ. ಕೇಳಿಸಿದರೂ ಕೇಳಿಸಲಿಲ್ಲ ಎನ್ನುವವರ ದನಿಯೂ ಹಾಗೇ ಇರುತ್ತದೆ ಎಂದು ಆಗ ಗೊತ್ತಾಯಿತು. ಗಾಲಿಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ವಿಡಿಯೊ ಹಾಕಿದರು. ನಿಧಾನಗತಿಯಲ್ಲಿ ತಮ್ಮನ ದನಿಯೂ ಜಗ್ಗಿ, ಎತ್ತು ಗುಟುರು ಹಾಕಿದಂತೆ ಕೇಳಿತು. ಎಲ್ಲರೂ ಅವನ ಬೂಟನ್ನು ನೋಡುತ್ತಿದ್ದರು. ನಾನು ಇವರ ಹಿಮ್ಮಡಿ ನೋಡಿದೆ. 'ತಗೋ' ಎಂದಾಗ ಅದು ಹುಲ್ಲು ಬಿಟ್ಟು ಮೇಲೆದ್ದಿತು. ಆಮೇಲೆ ಮತ್ತೆ ಕೆಳಗೆ ಊರಿತು. ಇಲ್ಲಪ್ಪ, ಹುಲ್ಲು ಅಲುಗಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಬಾಯಿ ಬಿಡಲಿಲ್ಲ.

ಸೀಸನ್ ಮುಗಿಯುವವರೆಗೆ ಅಮಾನತು ಎಂದರು. ಬೇಕಿದ್ದರೆ ನಾಳೆ ಸಂಜೆಯೊಳಗೆ ಮೇಲ್ಮನವಿ ಹಾಕಿಕೊಳ್ಳಬಹುದು, ಆದರೆ ಹೊಸ ಸಾಕ್ಷಿ ಬೇಕು ಎಂದರು. ಹೊರಗೆ ತಮ್ಮ ಲಿಫ್ಟಿನ ಬಾಗಿಲನ್ನು ಕಾಲಿನಿಂದ ತಡೆದು ಹಿಡಿದು ಗಾಲಿಕುರ್ಚಿಗೆ ದಾರಿ ಮಾಡಿಕೊಟ್ಟ. "ಅಕ್ಕ, ಭಾವಂಗೆ ಮಧ್ಯಾಹ್ನದ ಮಾತ್ರೆ ಆಯ್ತಾ?" ಎಂದ. ಇವರು ಕಾಲಿನ ಪಟ್ಟಿಯನ್ನೇ ನೋಡುತ್ತಿದ್ದರು. ಅವನು ಲಿಫ್ಟಿನೊಳಗೆ ಬರಲಿಲ್ಲ. ಮೆಟ್ಟಿಲಿಳಿದು ಹೋದ.

ಮನೆಗೆ ಬಂದು ಇವರನ್ನು ಸೋಫಾದಲ್ಲಿ ಕೂರಿಸಿದೆ. ಎಡಗಾಲನ್ನು ದಿಂಬಿನ ಮೇಲಿಟ್ಟೆ. ಬಲಗಾಲು ನೆಲದ ಮೇಲಿತ್ತು. ಒಳಗೆ ಹೋಗಿ ಮಾತ್ರೆ, ನೀರು ತಂದೆ. ಇವರು ಕಿಟಕಿಯ ಕಡೆ ತಿರುಗಿ, "ಪಾಪ, ಅವನದ್ದು ಹೀಗಾಗಬಾರದಿತ್ತು" ಎಂದರು. ಎಷ್ಟು ಚೆನ್ನಾಗಿ ಹೇಳಿದರು ಅಂತೀರಿ! ದಾರಿಹೋಕರು ಅಪಘಾತ ನೋಡಿ ಹೇಳುವ ಹಾಗೆ.

ಏನೂ ಯೋಚನೆ ಮಾಡಿರಲಿಲ್ಲ. ಬಾಯಿಗೆ ಬಂತು. ತಮ್ಮನ ರಾಗದಲ್ಲೇ, ಹಿತ್ತಲಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದೆ.

"ತಗೋ ಭಾವ!"

ಬಲಗಾಲು ನೆಲ ಬಿಟ್ಟು ಮೊಣಕಾಲೆತ್ತರಕ್ಕೆ ಹಾರಿತು. ಪಟ್ಟಿ ಕಟ್ಟಿದ ಕಾಲೂ ಏಳಲು ಹೋಗಿ ದಿಂಬಿನಿಂದ ಜಾರಿತು. ಇವರು "ಅಯ್ಯಮ್ಮಾ" ಎಂದು ನರಳಿ ಸೋಫಾ ಹಿಡಿದುಕೊಂಡರು. ನಾನು ಲೋಟದ ನೀರು ಚೆಲ್ಲದ ಹಾಗೆ ನಿಂತಿದ್ದೆ.

"ಈಗ ಕೇಳಿಸ್ತಲ್ಲ" ಎಂದೆ.

ಇವರ ಹಣೆಯ ಮೇಲೆ ಬೆವರಿತ್ತು.

"ಆವತ್ತೂ ಕೇಳಿಸ್ತು" ಎಂದರು ಕೊನೆಗೆ. "ನೆಗೆದಿದ್ರೆ ಚೆಂಡು ಅವನ ಪಾಲಾಗ್ತಿತ್ತು ಕಣೇ. ನಿಂತ್ಕೊಂಡ್ರೆ ಪೆನಾಲ್ಟಿ ಸಿಗುತ್ತೆ ಅಂದ್ಕೊಂಡೆ. ಸ್ವಲ್ಪ ತಗಲುತ್ತೆ, ಬೀಳ್ತೀನಿ, ಅಷ್ಟೇ ಅಂದ್ಕೊಂಡೆ. ಮುರಿಯುತ್ತೆ ಅಂತ ಯಾರಿಗ್ಗೊತ್ತಿತ್ತು?"

"ಅವನಿಗೂ ಗೊತ್ತಿರ್ಲಿಲ್ಲ" ಎಂದೆ. "ನೀವು ನೆಗೀತೀರಿ ಅಂತ ನಂಬಿ ಬಂದ."

"ಈಗ ಹೇಳಿದ್ರೆ ನನ್ನ ಮಾನ ಏನಾಗುತ್ತೆ?"

ದುಃಖವಾಗಬೇಕಿತ್ತು, ಆಗಲಿಲ್ಲ. ಮುರಿದ ಕಾಲಿನ ಗಂಡನ ಮೇಲೆ ಕನಿಕರವೂ ಹುಟ್ಟಲಿಲ್ಲ. ಜಾರಿದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ದಿಂಬಿನ ಮೇಲೆ ಸರಿಯಾಗಿಟ್ಟೆ. ಮಾತ್ರೆ ಕೊಟ್ಟೆ, ನುಂಗಿದರು. ಲೋಟ ಕೆಳಗಿಟ್ಟು ಮೇಜಿನ ಮೇಲಿದ್ದ ಅವರ ಫೋನು ತೆಗೆದು, ಅದರಲ್ಲಿದ್ದ ಸಮಿತಿಯ ಅಧ್ಯಕ್ಷರ ನಂಬರು ಒತ್ತಿದೆ. ಆ ಕಡೆ ರಿಂಗಾಗುವುದು ಇಬ್ಬರಿಗೂ ಕೇಳಿಸುತ್ತಿತ್ತು.

ಫೋನನ್ನು ಅವರ ಮುಂದೆ ಹಿಡಿದೆ.

"ತಗೊಳ್ಳಿ" ಎಂದೆ, ಬಹುವಚನದಲ್ಲೇ.