ಮೊದಲಿನ ರೀಡಿಂಗ್

ರಿಪೇರಿಗೆ ಕೈಹಾಕುವ ಮೊದಲು, ಯಂತ್ರ ಓಡುತ್ತಿರುವಾಗಲೇ ಒಂದು ರೀಡಿಂಗ್ ತೆಗೆದುಕೊಳ್ಳಬೇಕು ಎಂಬುದು ರಾಮಸ್ವಾಮಿಯವರ ನೇಮ. ವಿಕ್ರೋಳಿಯ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದ ಮೇಲೂ ಆ ನೇಮ ಅವರನ್ನು ಬಿಟ್ಟಿರಲಿಲ್ಲ. ಮನೆಯ ಫಿಲ್ಟರಿನಲ್ಲಿ ನೀರು ಸಣ್ಣಗೆ ಬರತೊಡಗಿದರೆ, ಒಂದು ಚೊಂಬು ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ನೋಡಿ ಬರೆದುಕೊಂಡ ಮೇಲೆಯೇ ಅವರು ಅದನ್ನು ಬಿಚ್ಚಿ ತೊಳೆಯುತ್ತಿದ್ದುದು.

ಹಾಗಾಗಿ ಆ ಶುಕ್ರವಾರ ಬೆಳಿಗ್ಗೆ, ಅಳಿಯನ ಕಂಪ್ಯೂಟರಿಗೆಂದು ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ತಂದ ಬಿಡಿಭಾಗಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ ಅವರು ಆಡಿದ ಮಾತಿನಲ್ಲಿ ವಿಶೇಷವೇನೂ ಇರಲಿಲ್ಲ.

“ಒಂದು ರೆಂಡರ್ ಹಾಕಿ ವಿಕ್ರಂ. ಹಳೇ ಸ್ಥಿತೀಲಿ ಎಷ್ಟು ಹೊತ್ತು ತಗೊಳುತ್ತೆ ನೋಡ್ಕೊಳೋಣ. ಆಮೇಲೆ ಬಿಚ್ಚೋಣ. ಎಲ್ಲಾ ಫಿಟ್ ಮಾಡಿದ್ಮೇಲೆ ಮತ್ತೆ ಅದೇ ಕೆಲಸ ಹಾಕಿ. ಎಷ್ಟು ವ್ಯತ್ಯಾಸ ಬರುತ್ತೋ ಅಷ್ಟು ಲಾಭ.”

ವಿಕ್ರಂ ಬಿಡಿಭಾಗಗಳನ್ನು ತನ್ನತ್ತ ಎಳೆದುಕೊಂಡ. “ಯಾಕೆ ಮಾವ, ಸುಮ್ನೆ ಹೊತ್ತು ಹಾಳು. ನೇರವಾಗಿ ಫಿಟ್ ಮಾಡಿಬಿಡೋಣ.”

“ಮೊದಲಿನ ರೀಡಿಂಗ್ ಇಲ್ದೆ ಮಾಡಿದ್ದು ರಿಪೇರಿ ಅಲ್ಲ ಕಣ್ರೀ. ಅದು ಬರೀ ನಂಬಿಕೆ.”

ಕಟ್ಟಡಗಳ ಒಳಾಂಗಣವನ್ನು ಕಟ್ಟುವ ಮೊದಲೇ ಕಟ್ಟಿದಂತೆ ಕಂಪ್ಯೂಟರಿನಲ್ಲಿ ತೋರಿಸುವುದು ವಿಕ್ರಂ ಕಲಿತ ವಿದ್ಯೆ. ಗೋಡೆ, ಸೋಫಾ, ದೀಪ ಎಲ್ಲವನ್ನೂ ಗೆರೆಯಲ್ಲಿ ಕೂರಿಸಿ, ಬೆಳಕು ನೆರಳುಗಳ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿದರೆ ಅದು ನಿಧಾನಕ್ಕೆ ಫೋಟೋದಂಥ ಚಿತ್ರ ಮಾಡಿಕೊಡುತ್ತದೆ. ಅದೇ ರೆಂಡರ್. ನೌಕರಿ ಬಿಟ್ಟು ಸ್ವಂತವಾಗಿ ಹಿಡಿದ ಮೊದಲ ಕೆಲಸ ಪುಣೆಯ ಪಾರ್ಟಿಯೊಂದರದು, ನಲವತ್ತು ಚಿತ್ರಗಳು. ಕೊಡಬೇಕಾದ ದಿನ ಯಂತ್ರ ಎರಡು ಸಲ ನಿಂತುಹೋಯಿತು. ಪುಣೆಯವರು ಇನ್ನೊಬ್ಬರ ಹತ್ತಿರ ಹೋದರು. ಆ ಸಂಜೆ ವಿಕ್ರಂ ಮನೆಯಲ್ಲಿ “ಮಷೀನು ಸಾಲದು, ತುಂಬ ನಿಧಾನ” ಎಂದ. ಅದು ನಿಜವೇ ಆಗಿತ್ತು. ಕೆಲಸ ಕೈಬಿಟ್ಟಿತೆಂಬುದನ್ನು ಮಾತ್ರ ನಾಳೆ ಹೇಳಿದರಾಯಿತೆಂದು ಉಳಿಸಿಕೊಂಡ.

ಆ ನಾಳೆಗೆ ಈಗ ಹದಿನಾಲ್ಕು ತಿಂಗಳು. ಈ ನಡುವೆ ಜೋಗೇಶ್ವರಿಯ ಬಾಡಿಗೆ ಮನೆ ಬಿಟ್ಟು ಅವನೂ ಹೆಂಡತಿ ಧಾತ್ರಿಯೂ ವಿಕ್ರೋಳಿಗೆ, ಅವಳ ತವರಿನ ಫ್ಲ್ಯಾಟಿಗೆ ಬಂದಿದ್ದರು. ಒಳಗಿನ ಕೋಣೆಯನ್ನು ಅತ್ತೆ ಮಾವ ಇವರಿಗೆ ಬಿಟ್ಟುಕೊಟ್ಟು ತಾವು ಹೊರಗಿನ ಹಾಲ್‌ನಲ್ಲಿ ಮಲಗುತ್ತಿದ್ದರು. ರೆಂಡರ್ ನಡೆಯುವಾಗ ಕರೆಂಟು ಹೋದರೆ ಎಲ್ಲ ಮೊದಲಿನಿಂದ ಆಗಬೇಕೆಂದು ವಿಕ್ರಂ ಒಮ್ಮೆ ಅಂದಿದ್ದೇ ಸಾಕಾಯಿತು. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಗೀಸರ್ ಒಟ್ಟಿಗೆ ಹಾಕಿದರೆ ಲೈನ್ ಟ್ರಿಪ್ ಆಗುವ ಮನೆ ಅದು. ಕಾರ್ಖಾನೆಯಲ್ಲಿ ಯಂತ್ರಗಳಿಗೆ ಕಟ್ಟುವಂಥ ಕೆಂಪು ಚೀಟಿಯೊಂದನ್ನು ರಾಮಸ್ವಾಮಿ ಸ್ವಿಚ್ ಬೋರ್ಡಿಗೆ ಕಟ್ಟಿದರು: ‘ಕೆಲಸ ನಡೆಯುತ್ತಿದೆ. ಮುಟ್ಟಬಾರದು.’ ಅತ್ತೆ ಶಾಮಲಾ ಮಿಕ್ಸಿ ಹಾಕುವ ಮೊದಲು ಬಾಗಿಲ ಹತ್ತಿರ ಬಂದು ಕೇಳುತ್ತಿದ್ದರು. ಬಾಗಿಲ ಈಚೆ ಕೆಲಸವಿಲ್ಲದ ಅಳಿಯ, ಹಳೆಯ ಚಿತ್ರವೊಂದನ್ನು ತೆರೆದು ಅದರೊಳಗಿನ ದೀಪದ ಬಣ್ಣ ಬದಲಿಸುತ್ತ, ಮತ್ತೆ ಮೊದಲಿನಂತೆ ಮಾಡುತ್ತ ಕೂತಿರುತ್ತಿದ್ದ. ಹೊಸಬರನ್ನು ಹುಡುಕಿ ಕೆಲಸ ಕೇಳಲು ಒಂದು ಫೋನು ಮಾಡಬೇಕಿತ್ತು. ಆ ಫೋನು ದಿನದಿಂದ ದಿನಕ್ಕೆ ಭಾರವಾಗುತ್ತ ಹೋಯಿತು.

ಯಂತ್ರ ನಿಧಾನ ಎನ್ನುವುದೇ ಅವನ ತಲೆಯ ಮೇಲಿನ ಸೂರಾಗಿತ್ತು. ಮಾವ ಈಗ ಆ ಸೂರು ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು.

ಬೇರೆ ದಾರಿ ಕಾಣದೆ ವಿಕ್ರಂ, ಪುಣೆಯ ಫೈಲುಗಳನ್ನು ಆವತ್ತೇ ಅಳಿಸಿಹಾಕಿದ ಮೇಲೆ ಉಳಿದಿದ್ದ ಒಂದೇ ಚಿತ್ರವನ್ನು ತೆರೆದ. ತರಬೇತಿ ಕ್ಲಾಸಿನಲ್ಲಿ ಎಲ್ಲ ಹುಡುಗರಿಗೂ ಅಭ್ಯಾಸಕ್ಕೆಂದು ಕೊಟ್ಟಿದ್ದ ಹಾಲ್‌ನ ಚಿತ್ರ ಅದು: ಹಳದಿ ಸೋಫಾ, ಕಿಟಕಿಯಿಂದ ಬೀಳುವ ಬಿಸಿಲು. “ಇದು ಪುಣೆಯವರದು,” ಎಂದ. ತನ್ನ ಧ್ವನಿ ತನಗೇ ಬೇರೆಯವರದ್ದಾಗಿ ಕೇಳಿಸಿತು.

“ಚೆನ್ನಾಗಿದೆ,” ಎಂದು ರಾಮಸ್ವಾಮಿ ನೋಟ್‌ಬುಕ್ಕಿನಲ್ಲಿ ಹನ್ನೊಂದು ಗಂಟೆ ನಾಲ್ಕು ನಿಮಿಷ ಎಂದು ಬರೆದರು.

ಅವರು ಎದ್ದುಹೋಗಬಹುದೆಂದು ವಿಕ್ರಂ ಕಾದ. ಅವರು ಏಳಲಿಲ್ಲ. ಪಕ್ಕದ ಸ್ಟೂಲಿನ ಮೇಲೆ, ಐ.ಸಿ.ಯು. ಹೊರಗೆ ಕೂತವರ ಹಾಗೆ ಕೈಕಟ್ಟಿ ಕೂತರು. ಪರದೆಯ ಮೇಲೆ ಚಿತ್ರ ಚೌಕ ಚೌಕವಾಗಿ ಮೂಡುತ್ತಿತ್ತು. ಶಾಮಲಾ ಬಾಗಿಲಲ್ಲಿ ಇಣುಕಿದರು.

“ಮಿಕ್ಸಿ ಹಾಕ್ಲಾ?”

“ರೀಡಿಂಗ್ ನಡೀತಿದೆ. ಒಂದ್ಗಂಟೆ ತಡಿ.”

“ಕುಟ್ಟಾಣೀಲೇ ಕುಟ್ಕೋತೀನಿ ಬಿಡಿ. ನಿನ್ನೆ ಚಟ್ನಿ ತರಿತರಿ ಆಯ್ತು ಅಂತ ಮಿಕ್ಸಿ ಬ್ಲೇಡೂ ಬಿಚ್ಚಿ ನೋಡಿದ್ರಲ್ಲ, ಸಿಕ್ತಾ ತಪ್ಪು?”

“ಬ್ಲೇಡ್ ಸರಿಯಾಗೇ ಇದೆ. ರುಬ್ಬೋರ ತಪ್ಪು.”

“ಅದನ್ನೇ ಹೇಳಿ ನೇರವಾಗಿ. ಕುಣೀಲಾರದೋಳು ಅಂಗಳ ಡೊಂಕು ಅಂದ್ಳಂತೆ!” ನಗುತ್ತ ಶಾಮಲಾ ಒಳಗೆ ಹೋದರು. ರಾಮಸ್ವಾಮಿಯೂ ನಕ್ಕರು. ವಿಕ್ರಂ ಪರದೆಯಿಂದ ಕಣ್ಣು ಕೀಳಲಿಲ್ಲ. ಅಡುಗೆಮನೆಯಿಂದ ಕುಟ್ಟುವ ಸದ್ದು ಬರತೊಡಗಿತು. ಅತ್ತೆಯ ಮಣಿಕಟ್ಟು ನೋಯುತ್ತದೆಂದು ಅವನಿಗೆ ಗೊತ್ತಿತ್ತು. ರಾತ್ರಿ ಅದಕ್ಕೆ ಎಣ್ಣೆ ಹಚ್ಚಿಕೊಳ್ಳುವುದನ್ನು ಅವನು ನೋಡಿದ್ದ.

ಚಿತ್ರ ಮುಗಿದಾಗ ಐವತ್ತೆರಡು ನಿಮಿಷ ಆಗಿತ್ತು.

ಆಮೇಲೆ ರಾಮಸ್ವಾಮಿ ಯಂತ್ರದ ಪಕ್ಕದ ತಗಡು ತೆಗೆದು, ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಂಡರು. ಎರಡು ವಾರ ವಿಡಿಯೊ ನೋಡಿ, ಒಂದೊಂದು ಹೆಜ್ಜೆಯನ್ನೂ ಬರೆದುಕೊಂಡು ಕಲಿತ ಕೆಲಸ ಅದು. ಹಳೆಯ ಮೆಮೊರಿ ಪಟ್ಟಿಯನ್ನು ಹಗುರವಾಗಿ ಎಳೆದು, ಹೊಸ ಎರಡನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. ಗ್ರಾಫಿಕ್ಸ್ ಕಾರ್ಡನ್ನು ಬೆಳ್ಳಿ ಬಣ್ಣದ ಚೀಲದಿಂದ ಹೊರತೆಗೆದಾಗ ಎಳೆಮಗುವನ್ನು ಎತ್ತುವಷ್ಟು ಜೋಪಾನವಾಗಿ, ಅಂಚಿನಲ್ಲೇ ಹಿಡಿದರು. ಹಳೆಯ ಡಿಸ್ಕಿನಲ್ಲಿದ್ದುದೆಲ್ಲ ಹೊಸ ಎಸ್‌ಎಸ್‌ಡಿಗೆ ನಕಲಾಗುವ ಹೊತ್ತಿಗೆ ಊಟ ಮುಗಿದಿತ್ತು.

“ಪಾಪ, ಇಷ್ಟು ಕಮ್ಮಿ ಉಸಿರಲ್ಲಿ ಓಡಿದೆ ಇದು,” ಎಂದರು ತಗಡು ಮುಚ್ಚುತ್ತ. ಸ್ವಲ್ಪ ತಡೆದು, ಅಳಿಯನ ಮುಖ ನೋಡದೆ ಹೇಳಿದರು: “ನಾನಿದನ್ನ ಹೋದ ವರ್ಷಾನೇ ಮಾಡ್ಬೇಕಿತ್ತು. ಕಂಪ್ಯೂಟರ್ ಅಂದ್ರೆ ನಮಗೆ ತಿಳಿಯದ ವಿಷಯ ಅಂತ ಹೆದರಿ ಕೂತೆ. ಹದಿನಾಲ್ಕು ತಿಂಗಳು ನಿಮ್ಮನ್ನ ಕಾಯಿಸಿದ ಹಾಗಾಯ್ತು. ತಪ್ಪು ತಿಳ್ಕೋಬೇಡಿ.”

ವಿಕ್ರಂಗೆ ನೆಲ ಬಾಯಿ ಬಿಡಬಾರದೇ ಅನಿಸಿತು. “ಛೆ, ಹಾಗೇನಿಲ್ಲ ಮಾವ” ಎಂಬ ಮಾತು ತಾನಾಗಿ ಹೊರಬಿತ್ತು. ಅಷ್ಟು ಸಲೀಸಾಗಿ ಬಿತ್ತಲ್ಲ ಎಂದೇ ಹೆಚ್ಚು ನಾಚಿಕೆಯಾಯಿತು.

ಎರಡನೆಯ ಸಲ ಅದೇ ಚಿತ್ರ ಹಾಕಿದರು. ನಿಧಾನವಾಗಲಿ, ಏನಾದರೂ ಕೆಡಲಿ ಎಂದು ವಿಕ್ರಂ ಒಳಗೊಳಗೇ ಬೇಡಿಕೊಂಡ. ಸೋಫಾದ ಹಳದಿ, ಕಿಟಕಿಯ ಬಿಸಿಲು ಎಲ್ಲ ನೋಡನೋಡುತ್ತಲೇ ತುಂಬಿಕೊಂಡವು. ಒಂಬತ್ತು ನಿಮಿಷ.

“ಭೇಷ್!” ರಾಮಸ್ವಾಮಿ ತೊಡೆ ತಟ್ಟಿಕೊಂಡು ಬರೆದುಕೊಂಡರು. “ಈಗ ಪುಣೆಯವರದು ಎಲ್ಲಾ ಸೇರಿ ನಲವತ್ತಲ್ವಾ? ನಲವತ್ತು ಒಂಬತ್ಲೆ ಮುನ್ನೂರ ಅರವತ್ತು ನಿಮಿಷ. ಆರು ಗಂಟೆ. ಒಂದೇ ದಿನದಲ್ಲಿ ಮುಗೀತಲ್ರೀ! ಮೊದಲಾದ್ರೆ...” ಪೆನ್ನು ಓಡಿತು. ಐವತ್ತೆರಡನ್ನು ನಲವತ್ತರಿಂದ ಗುಣಿಸಿ, ಅರವತ್ತರಿಂದ ಭಾಗಿಸಿದರು. ಪೆನ್ನು ನಿಂತಿತು.

ಅವರು ಅದನ್ನು ಹೊಡೆದುಹಾಕಿ ಕೆಳಗೆ ಮತ್ತೊಮ್ಮೆ ಮಾಡಿದರು. ಮತ್ತೆ ಅದೇ ಬಂತು.

 ರಾಮಸ್ವಾಮಿ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ನೋಟ್‌ಬುಕ್ಕನ್ನು ಅಳಿಯನ ಮುಂದೆ ಹಿಡಿದರು.

“ಸ್ವಲ್ಪ ನೋಡಿ. ನಾನೆಲ್ಲೋ ಗುಣಾಕಾರ ತಪ್ಪಿದೀನಿ.”

ಮೂವತ್ತೈದು ಗಂಟೆ ಎಂದಿತ್ತು. ಹಳೆಯ ಯಂತ್ರದಲ್ಲೇ ಒಂದು ವಾರದ ಕೆಲಸ. ಅವರು ತಪ್ಪಿರಲಿಲ್ಲ. ಲೆಕ್ಕ ತಪ್ಪಿದೆಯೆಂದು ಅವರಿಗೂ ಅನಿಸಿರಲಿಲ್ಲ, ಅಳಿಯನಿಗೆ ಒಂದು ಬಾಗಿಲು ತೆರೆದಿಟ್ಟಿದ್ದರು ಅಷ್ಟೆ. ಬೇರೆ ಚಿತ್ರಗಳು ದೊಡ್ಡವು, ಹೆಚ್ಚು ಹೊತ್ತು ಹಿಡಿಯುತ್ತವೆ ಎಂದು ಒಂದು ಮಾತು ಆಡಿದ್ದರೆ ಅವರು ಪುಸ್ತಕ ಮುಚ್ಚಿಬಿಡುತ್ತಿದ್ದರು. ಮಾತು ನಾಲಗೆಯ ತುದಿಗೂ ಬಂತು.

“ಲೆಕ್ಕ ಸರಿಯಾಗಿದೆ ಮಾವ,” ಎಂದ ವಿಕ್ರಂ.

ರಾಮಸ್ವಾಮಿ ತಲೆ ಆಡಿಸಿದರು.  ನೆಲದ ಮೇಲೆ ಉಳಿದಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬಿಗೆ ಹಾಕಿದರು. ಪ್ರತಿಯೊಂದೂ ಬೀಳುವ ಸದ್ದು ವಿಕ್ರಂಗೆ ಬೇರೆಬೇರೆಯಾಗಿ ಕೇಳಿಸಿತು. ಬೈದಿದ್ದರೆ ತಲೆ ತಗ್ಗಿಸಿ ನಿಲ್ಲಬಹುದಿತ್ತು. ಬೈಯದವರ ಮುಂದೆ ತಲೆಯನ್ನು ಎಲ್ಲಿಡುವುದೆಂದು ತಿಳಿಯದೆ ಅವನು ಸಂಜೆಯವರೆಗೂ ಕುರ್ಚಿಯಲ್ಲೇ ಕೂತಿದ್ದ.

ಧಾತ್ರಿ ದಾದರ್‌ನ ಆಫೀಸಿನಿಂದ ಬರುವಾಗ ಏಳು ಗಂಟೆ. ಚಪ್ಪಲಿ ಬಿಡುತ್ತಲೇ ಕೂಗಿದಳು. “ಏನಪ್ಪಾ ರಿಸಲ್ಟು? ಫಟಾಫಟ್ ಆಯ್ತಾ ಮಷೀನು?”

“ಮಷೀನು ಚೆನ್ನಾಗಿದೆ. ಮಿಕ್ಕಿದ್ದು ವಿಕ್ರಂ ಹೇಳ್ತಾರೆ.” ರಾಮಸ್ವಾಮಿ ಅಡುಗೆಮನೆಯತ್ತ ತಿರುಗಿದರು. “ಶಾಮಲಾ, ಚೀಲ ತಗೋ. ತರಕಾರಿ ತರೋಣ.”

“ಈಗ್ಲಾ? ತರಕಾರಿ ಇದೆಯಲ್ಲ.”

“ಇರ್ಲಿ, ಬಾ.”

ಅವರಿಬ್ಬರೂ ಮೆಟ್ಟಿಲಿಳಿದು ಹೋದ ಮೇಲೆ ಧಾತ್ರಿ ಕೋಣೆಗೆ ಬಂದು ಹಾಸಿಗೆಯ ತುದಿಯಲ್ಲಿ ಕೂತಳು. ಮುಖ ಅರಳಿತ್ತು. “ನಾಳೆ ಹನ್ನೊಂದಕ್ಕೆ ಜೋಗೇಶ್ವರಿ. ಮರೀಬೇಡಿ. ನನ್ ಜೊತೆ ಟ್ರೈನಲ್ಲಿ ಬರೋ ಜ್ಯೋತ್ಸ್ನಾ ಇದಾಳಲ್ಲ, ಅವಳಣ್ಣ ಧನರಾಜ್ ಕಾಯ್ತಿರ್ತಾರೆ. ಇಂಟೀರಿಯರ್ ಕಂಟ್ರಾಕ್ಟು, ಹತ್ತು ಸೈಟಂತೆ. ಮಾಡಿರೋದೆಲ್ಲಾ ಪೆನ್‌ಡ್ರೈವಲ್ಲಿ ಹಾಕ್ಕೊಳ್ಳಿ.”

“ಮಾಡಿರೋದು ಏನೂ ಇಲ್ಲ,” ಎಂದ ವಿಕ್ರಂ.

“ಮುಗಿಯದೆ ಇರೋದನ್ನೂ ತೋರಿಸಿ, ಪರವಾಗಿಲ್ಲ. ಈಗ ಮಷೀನ್ ಆಯ್ತಲ್ಲ, ಬೇಗ ಮುಗಿಯುತ್ತೆ.”

ಅವಳು ಸಮಾಧಾನ ಮಾಡುತ್ತಿದ್ದಳು. ಇನ್ನೂ ಬಿಡಿಸಿ ಹೇಳಬೇಕಾಯಿತು. “ಮಷೀನಿಂದಲ್ಲ ಧಾತ್ರಿ. ಕೆಲಸವೇ ಇಲ್ಲ. ಪುಣೆಯವರು ಆವತ್ತೇ ಹೋದ್ರು. ಆಮೇಲೆ ನಾನು ಯಾರನ್ನೂ ಕೇಳಲೇ ಇಲ್ಲ.”

“ಆವತ್ತು ಅಂದ್ರೆ?”

“ಹೋದ ವರ್ಷ ಆಗಸ್ಟು.”

ಧಾತ್ರಿ ಹೆಗಲ ಚೀಲವನ್ನು ಇಳಿಸಿರಲಿಲ್ಲ. ಅದರ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಕೆಳಗಿನ ರಸ್ತೆಯಲ್ಲಿ ರಿಕ್ಷಾವೊಂದು ಹಾರ್ನ್ ಹೊಡೆಯಿತು.

“ದಿನಾ ಮೆಸೇಜ್ ಮಾಡ್ತಿದ್ರಲ್ಲ,” ಎಂದಳು. “ಅರವತ್ತು ಪರ್ಸೆಂಟ್ ಆಯ್ತು, ಎಪ್ಪತ್ತಾಯ್ತು ಅಂತ. ಟ್ರೈನು ಕುರ್ಲಾ ದಾಟೋವಾಗ ಒಂದ್ಸಲ ನೋಡ್ತಿದ್ದೆ. ಘಾಟ್ಕೋಪರ್‌ನಲ್ಲಿ ಇನ್ನೊಂದ್ಸಲ. ನಿಲ್ಲೋಕೆ ಜಾಗ ಇಲ್ದಿದ್ರೂ ಜ್ಯೋತ್ಸ್ನಾಗೆ ಫೋನ್ ಎತ್ತಿ ತೋರಿಸ್ತಿದ್ದೆ, ನೋಡೇ ಅಂತ.”

 ಆ ಸಂಖ್ಯೆಗಳನ್ನು ವಿಕ್ರಂ ಮನಸ್ಸಿಗೆ ತೋಚಿದಂತೆ ಬರೆಯುತ್ತಿದ್ದ. ಒಂದು ಸಂಜೆಯಂತೂ ಎಪ್ಪತ್ತರ ಮೇಲೆ ಅರವತ್ತೈದು ಎಂದು ಬರೆದುಬಿಟ್ಟು, ಅವಳು ಗಮನಿಸಲಿಲ್ಲವೆಂದು ನಿಟ್ಟುಸಿರು ಬಿಟ್ಟಿದ್ದ.

ಧಾತ್ರಿ ತನ್ನ ಫೋನು ತೆಗೆದು ನಂಬರು ಹುಡುಕಿ, ಒತ್ತಿ, ಅವನ ಕೈಗಿತ್ತಳು. “ಧನರಾಜ್‌ಗೆ. ನಾನು ಹೇಳಲ್ಲ. ನೀವೇ ಹೇಳಿ.”

ಆ ಕಡೆಯಿಂದ ದೊಡ್ಡ ಧ್ವನಿ ಬಂತು. “ಹಾಂ, ಹೇಳಿ ಮಾರಾಯ್ರೆ! ನಾಳೆ ಬರ್ತೀರಲ್ಲ? ನನ್ನ ಪಾರ್ಟ್ನರ್ ಸಹ ಇದ್ದಾರೆ. ದೊಡ್ಡ ಟಿವಿಯಲ್ಲಿ ಹಾಕಿ ನೋಡುವ.”

“ನಾನು ವಿಕ್ರಂ. ನನ್ನ ಹತ್ರ ತೋರಿಸೋಕೆ ಒಂದೇ ಚಿತ್ರ ಇರೋದು.”

“ಒಂದಾ? ಜ್ಯೋತ್ಸ್ನಾ ನಲವತ್ತು ಅಂತ ಹೇಳಿದ್ದಳು.”

“ಒಂದೇ. ಅದೂ ಕ್ಲಾಸಲ್ಲಿ ಕೊಟ್ಟಿದ್ದು. ನನ್ನದು ಅಂತ ಹೇಳೋ ಹಾಗಿಲ್ಲ.”

 ಆಮೇಲೆ ಧನರಾಜ್ ಕೇಳಿದ್ದರಲ್ಲಿ ವ್ಯಂಗ್ಯ ಇರಲಿಲ್ಲ, ತಿಳಿಯದವನ ಕುತೂಹಲ ಮಾತ್ರ ಇತ್ತು. “ಮತ್ತೆ ಇಷ್ಟು ದಿನ ಎಂತ ಮಾಡ್ತಾ ಇದ್ದದ್ದು ಮಾರಾಯ್ರೆ?”

ಧಾತ್ರಿ ತಲೆಯೆತ್ತಿದಳು. ಅವಳು ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆ ಅದೇ.

“ಏನೂ ಇಲ್ಲ,” ಎಂದ ವಿಕ್ರಂ, ಅವಳನ್ನೇ ನೋಡುತ್ತ. “ಬಾಗಿಲು ಹಾಕ್ಕೊಂಡು ಕೂತಿರ್ತಿದ್ದೆ.”