ಬರ್ತಾ ಟೀಚರ ರಿಪೋರ್ಟ್

"ನನ್ನ ರಿಪೋರ್ಟನ್ನು ನನಗಿಂತ ಮೊದಲು ಯಾರಿಗೆ ಕೊಟ್ಟಿದ್ದೀರಿ?"

ಉದ್ಯಾವರದ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ಬರ್ತಾ ಟೀಚರ ದನಿಗೆ ಮಣಿಪಾಲದ ಆ ಲ್ಯಾಬಿನಲ್ಲಿ ರಕ್ತ ಕೊಡಲು ಕಾದಿದ್ದವರೆಲ್ಲ ತಲೆಯೆತ್ತಿದರು. ಒಳಗಿನ ಕೋಣೆಯಿಂದ ಸುಭಾಷಿಣಿ ಎದ್ದು ಬಂದಳು. ಲ್ಯಾಬಿನ ಕಂಪ್ಯೂಟರುಗಳೆಲ್ಲ ಅವಳ ಉಸ್ತುವಾರಿಯಲ್ಲಿದ್ದವು.

"ಎಂತ ಆಯ್ತು, ಟೀಚರ್?"

"ನಿನ್ನೆ ಬಂಗುಡೆ ಮೀನು ಕೊಳ್ಳುತ್ತಾ ನಿಂತಿದ್ದೆ. ಯಾರೋ ಫೋನ್ ಮಾಡಿದ. ನಿಮ್ಮ ಗಡ್ಡೆ ಕ್ಯಾನ್ಸರ್ ಅಂತ ಬಂದಿದೆ, ಆಪರೇಷನ್ ಬೇಡ, ನಮ್ಮಲ್ಲಿ ಮದ್ದಿನ ಪುಡಿ ಉಂಟು ಅಂದ. ಡಾಕ್ಟರು ನನಗೆ ಹೇಳಿದ್ದು ಇವತ್ತು ಬೆಳಿಗ್ಗೆ."

ಸುಭಾಷಿಣಿಯ ಕಿವಿ ಬಿಸಿಯಾಯಿತು. ಇಂಥದ್ದೇನೋ ಆದೀತೆಂದು ಅವಳಿಗೆ ಎರಡು ವರ್ಷಗಳಿಂದ ಗೊತ್ತಿತ್ತು.

ಗಡ್ಡೆಯ ಚೂರುಗಳನ್ನು ಪರೀಕ್ಷಿಸುವ ಹೊರಗಿನ ದೊಡ್ಡ ಲ್ಯಾಬುಗಳು ತಮ್ಮ ವರದಿಗಳನ್ನು ಇವರ ಹಳೆಯ ವೆಬ್‌ಮೇಲ್ ಖಾತೆಗೇ ಕಳಿಸುತ್ತಿದ್ದವು. ಅಲ್ಲಿಂದ ಅವು ಆಫೀಸಿನ ಸ್ವಂತ ಮೇಲ್ ಸರ್ವರಿಗೆ ಬರುವಂತೆ ಸುಭಾಷಿಣಿಯೇ ಜೋಡಿಸಿದ್ದಳು. ನಡುದಾರಿಯಲ್ಲಿ ಯಾರೂ ಓದಲಾಗದಂತೆ ಸಂಪರ್ಕವನ್ನು ಗೂಢಲಿಪಿಯಲ್ಲೇ ಇಟ್ಟಿದ್ದಳು. ಆದರೆ ಖಾತೆಯ ಪಾಸ್‌ವರ್ಡ್ ಮ್ಯಾನೇಜರ್ ಲೀಲಾಧರನ ಕೈಯಲ್ಲಿತ್ತು; ಜೋಡಿಸಿದ ದಿನವೂ ಅದನ್ನು ಅವನೇ ಟೈಪ್ ಮಾಡಿದ್ದ. ಅದನ್ನು ಬದಲಿಸಬೇಕು, ಯಾರು ಒಳಗೆ ಹೋದರೂ ಫೋನಿಗೆ ಬರುವ ಒಟಿಪಿ ಕೇಳುವಂತೆ ಮಾಡಬೇಕು, ಸರ್ವರಿಗೆ ಬೇರೆಯೇ ಪಾಸ್‌ವರ್ಡ್ ಕೊಡಬೇಕು ಎಂದು ಅವಳು ಮೂರು ಸಲ ಬರೆದುಕೊಟ್ಟಿದ್ದಳು. ಮೂರು ಸಲವೂ ಅವನದು ಒಂದೇ ಉತ್ತರ: "ಮೇಲ್ ಬರ್ತದಲ್ವಾ? ಮತ್ತೆ ಎಂತ ಬೇಕು ನಿಮಗೆ?"

ಈಗ ಅವಳು ಟೀಚರನ್ನು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು. ಸೀದಾ ಲೀಲಾಧರನ ಮೇಜಿಗೆ ಹೋಗಿ ಪಾಸ್‌ವರ್ಡ್ ಕೇಳಿದಳು. ಟೀಚರ ದನಿ ಅವನಿಗೂ ಕೇಳಿಸಿತ್ತು, ಗೊಣಗುತ್ತಲೇ ಹೇಳಿದ. ಅದು ಲ್ಯಾಬಿನ ಹೆಸರೇ, ಕೊನೆಗೆ ಒಂದು-ಎರಡು-ಮೂರು.

ಖಾತೆಯ ಸೆಟ್ಟಿಂಗ್ಸ್ ತೆರೆದ ಸುಭಾಷಿಣಿಯ ಕೈ ನಿಂತಿತು. ಬರುವ ಪ್ರತಿ ಮೇಲಿನ ಒಂದು ಪ್ರತಿ ಹೊರಗಿನ ಇನ್ನೊಂದು ವಿಳಾಸಕ್ಕೆ ತಾನಾಗಿಯೇ ಹೋಗುತ್ತಿತ್ತು. ಆ ವಿಳಾಸದಲ್ಲಿ ಕಾರ್ಕಳದ ಒಂದು ಗಿಡಮೂಲಿಕೆ ಅಂಗಡಿಯ ಹೆಸರಿತ್ತು.

"ಸರ್, ಇದು ಯಾರದ್ದು?"

ಎದ್ದು ಬಂದು ನೋಡಿದ ಲೀಲಾಧರ ಕನ್ನಡಕ ತೆಗೆದ. "ಅದು... ನಮ್ಮ ದೋಸ್ತಿ ಭುಜಂಗಂದು, ಆ ಅಂಗಡಿ ಅವನದ್ದೇ. ಈ ಖಾತೆ ಮಾಡಿಕೊಟ್ಟದ್ದೇ ಅವನು. ಒಳ್ಳೆ ಜನ ಮಾರಾಯ್ರೆ."

"ಒಳ್ಳೆ ಜನ!" ಟೀಚರ್ ಎದ್ದು ನಿಂತರು. "ಮೀನಿನವಳ ಎದುರು ನಾನು ರಸ್ತೆಯಲ್ಲಿ ಕೂತುಬಿಟ್ಟೆ. ಅವಳು ನೀರು ಕೊಟ್ಟಳು. ನಿಮ್ಮ ಒಳ್ಳೆ ಜನ ಪುಡಿಯ ರೇಟ್ ಹೇಳ್ತಾ ಇದ್ದ."

ಲೀಲಾಧರ ಸುಭಾಷಿಣಿಯನ್ನು ಬಾಗಿಲಿನಾಚೆ ಕರೆದು ದನಿ ತಗ್ಗಿಸಿದ. "ನೋಡಿ, ಸರ್ವರ್ ಹ್ಯಾಕ್ ಆಯ್ತು ಅಂತ ಒಂದು ಲೆಟರ್ ಬರೆದುಕೊಡಿ. ನಿಮಗೂ ಕೆಲಸ ಬೇಕಲ್ವಾ?"

"ಸರ್ವರಿಗೆ ಎಂತದೂ ಆಗಲಿಲ್ಲ." ಅವಳು ದನಿ ತಗ್ಗಿಸಲಿಲ್ಲ. "ಕೀಲಿಕೈ ನೀವು ಕೊಟ್ಟದ್ದು. ನಾನು ಅದನ್ನೇ ಬರೆಯುವುದು."

ಅವಳು ಮೊದಲು ಆ ಸೆಟ್ಟಿಂಗ್ಸ್ ಪುಟಗಳ ಫೋಟೋ ತೆಗೆದಿಟ್ಟುಕೊಂಡಳು. ಆಮೇಲೆ ಭುಜಂಗನ ವಿಳಾಸ ಅಳಿಸಿದಳು, ಪಾಸ್‌ವರ್ಡ್ ಬದಲಿಸಿದಳು, ಆ ಖಾತೆ ತೆರೆದಿದ್ದ ಎಲ್ಲ ಫೋನು, ಕಂಪ್ಯೂಟರುಗಳನ್ನು ಅದರಿಂದ ಲಾಗ್‌ಔಟ್ ಮಾಡಿದಳು. ಒಟಿಪಿ ಆಫೀಸಿನ ಫೋನಿಗೇ ಬರುವಂತೆ ಮಾಡಿದಳು. ಸರ್ವರಿಗೆಂದೇ ಪ್ರತ್ಯೇಕ ಪಾಸ್‌ವರ್ಡ್ ಹುಟ್ಟಿಸಿ ಮತ್ತೆ ಜೋಡಿಸಿದಳು. ಇಷ್ಟಕ್ಕೆ ಹಿಡಿದದ್ದು ಇಪ್ಪತ್ತೇ ನಿಮಿಷ. ಎರಡು ವರ್ಷ ಅನುಮತಿಗಾಗಿ ಕಾದು ಕೂತದ್ದು ಈ ಇಪ್ಪತ್ತು ನಿಮಿಷದ ಕೆಲಸಕ್ಕೆ ಎಂದು ನೆನೆದಾಗ ಅವಳಿಗೆ ಲೀಲಾಧರನ ಮೇಲಿದ್ದಷ್ಟೇ ಸಿಟ್ಟು ತನ್ನ ಮೇಲೂ ಬಂತು.

ಮಧ್ಯಾಹ್ನದ ಹೊತ್ತಿಗೆ ಲ್ಯಾಬಿನ ಮಾಲೀಕ ಡಾಕ್ಟರ್ ಅನಂತೇಶ ಕಾಪು ಶಾಖೆಯಿಂದ ಬಂದರು. ಎಲ್ಲವನ್ನೂ ಕೇಳಿ ಟೀಚರ ಎದುರು ಕೈಮುಗಿದರು. "ತಪ್ಪಾಗಿದೆ. ನಿಮ್ಮ ಚಿಕಿತ್ಸೆಗೆ ಎಂತ ಸಹಾಯ ಬೇಕಾದರೂ ಮಾಡುವ. ವಿಷಯ ಇಲ್ಲಿಗೇ ಮುಗಿಸುವ, ಆಗದಾ?"

"ಮುಗಿಯುವುದು ನಿಮಗೆ, ಡಾಕ್ಟ್ರೆ. ನನಗೆ ಈಗ ಶುರುವಾದದ್ದು." ಟೀಚರ್ ಸುಭಾಷಿಣಿಯ ಕಡೆ ತಿರುಗಿದರು. "ಆ ಫೋಟೋ ನನಗೆ ಕೊಡ್ತೀಯಾ, ಮಗಾ?"

"ಸುಭಾಷಿಣಿ, ಯೋಚಿಸಿ," ಎಂದರು ಡಾಕ್ಟರು.

"ಯೋಚಿಸಿಯೇ ಎರಡು ವರ್ಷ ಹೋಯ್ತು, ಸರ್."

ಅವಳು ಫೋಟೋಗಳನ್ನು ಪ್ರಿಂಟ್ ಮಾಡಿ, ಪ್ರತಿ ಹಾಳೆಗೂ ಸಹಿ ಹಾಕಿ ಕೊಟ್ಟಳು. ಅದೇ ಸಂಜೆ ಟೀಚರ್ ಉಡುಪಿಗೆ ಹೋಗಿ ಸೈಬರ್ ಪೊಲೀಸರಿಗೆ ದೂರು ಕೊಟ್ಟರು. ವಾರದೊಳಗೆ ಪೊಲೀಸರು ಭುಜಂಗನ ಅಂಗಡಿಯ ಕಂಪ್ಯೂಟರನ್ನು ಒಯ್ದರು. ಡಾಕ್ಟರು ಲೀಲಾಧರನನ್ನು ಕೆಲಸದಿಂದ ತೆಗೆದರು. ಸುಭಾಷಿಣಿಯನ್ನು ಯಾರೂ ತೆಗೆಯಲಿಲ್ಲ. ಊಟದ ಹೊತ್ತಿಗೆ ಅವಳ ಮೇಜಿಗೆ ಯಾರೂ ಬರಲೂ ಇಲ್ಲ.

ವರದಿ ಹೊರಗೆ ಹೋದವರಿಗೆಲ್ಲ ವಿಷಯ ತಿಳಿಸಲೇಬೇಕು ಎಂದು ಅವಳು ಹಟ ಹಿಡಿದಳು. ಡಾಕ್ಟರು ಒಪ್ಪಿದರು, ಆದರೆ ಫೋನ್ ಮಾಡುವ ಕೆಲಸ ಅವಳ ತಲೆಗೇ ಬಂತು. ಅರವತ್ತಮೂರು ಹೆಸರು. ಕೆಲವರು ಬೈದರು. ಕೆಲವರು ಅರ್ಧಕ್ಕೇ ಫೋನಿಟ್ಟರು.

ನಲವತ್ತನೆಯದೋ ಏನೋ, ಬಜಗೋಳಿಯ ನಂಬರು. ಎತ್ತಿದ್ದು ರೋಗಿಯ ಹೆಂಡತಿ, ಅಪ್ಪಿ ಎಂಬವರು. ಸುಭಾಷಿಣಿ ಹೇಳಿದ್ದನ್ನೆಲ್ಲ ಕೇಳಿದ ಮೇಲೆ ಅವರು ಹೇಳಿದರು: "ಆ ಪುಡಿಯವನು ನಮಗೂ ಫೋನ್ ಮಾಡಿದ್ದ. ಇವರು ಆಪರೇಷನ್ನಿಗೆ ಹೆದರ್ತಿದ್ದರು. ನಾಲ್ಕು ತಿಂಗಳು ಪುಡಿಯನ್ನೇ ತಿಂದರು. ಮೊನ್ನೆ ಮಳೆಗಾಲದಲ್ಲಿ, ಆಟಿ ತಿಂಗಳಲ್ಲಿ ತೀರಿಕೊಂಡರು."

ಸುಭಾಷಿಣಿ ಪಟ್ಟಿಯಲ್ಲಿದ್ದ ಆ ಹೆಸರಿನ ಮೇಲೆ ಬೆರಳಿಟ್ಟಳು.

"ನಮ್ಮ ನಂಬರು ಅವನಿಗೆ ಎಲ್ಲಿ ಸಿಕ್ಕಿತು ಅಂತ ನನಗೆ ಗೊತ್ತೇ ಇರಲಿಲ್ಲ," ಎಂದರು ಅಪ್ಪಿ. "ದೇವರೇ ಕಳಿಸಿದ್ದು ಅಂತ ಎಣಿಸಿದ್ದೆವು."

ಸುಭಾಷಿಣಿ ಅವರ ವಿಳಾಸ ಬರೆದುಕೊಂಡಳು. ಆಪರೇಷನ್ ಮುಗಿಸಿ ಮನೆಗೆ ಬಂದಿದ್ದ ಬರ್ತಾ ಟೀಚರಿಗೆ ಫೋನ್ ಮಾಡಿ ವಿಷಯ ಹೇಳಿದಳು.

"ನಾಳೆ ಕಾರು ಮಾಡು," ಎಂದರು ಟೀಚರ್. "ಬಜಗೋಳಿಗೆ ಹೋಗಿ ಅವರನ್ನೂ ಕರೆದುಕೊಂಡು ಠಾಣೆಗೆ ಹೋಗುವ. ನನಗೆ ಹೊಲಿಗೆ ಬಿಚ್ಚಲಿಲ್ಲ, ನಿಧಾನ ಓಡಿಸಲಿಕ್ಕೆ ಹೇಳು."